ಬ್ರಜೆಲ್ ಕಳೆದುಕೊಂಡ 31 ಹೋಮ್ ರನ್

2010ರಲ್ಲಿ 47, 2011ರಲ್ಲಿ 16. ಜಪಾನಿನ ಹಾನ್ಶಿನ್ ಟೈಗರ್ಸ್ ತಂಡಕ್ಕೆ ಆಡುತ್ತಿದ್ದ ಅಮೆರಿಕದ ಕ್ರೇಗ್ ಬ್ರಜೆಲ್ ಬಾರಿಸಿದ ಹೋಮ್ ರನ್‌ಗಳ ಲೆಕ್ಕ ಇದು. ಬೇಸ್‌ಬಾಲ್ ನೋಡದವರು ಹೋಮ್ ರನ್ ಅಂದರೆ ನಮ್ಮ ಸಿಕ್ಸರ್ ಅಂದುಕೊಂಡರೆ ಸಾಕು. ಚೆಂಡು ನೆಲ ಮುಟ್ಟದೆ ಬೇಲಿ ದಾಟಬೇಕು. ಒಂದು ಚಳಿಗಾಲ ಕಳೆದು ಬರುವುದರೊಳಗೆ ಅವರು ಮೂರರಲ್ಲೊಂದು ಪಾಲಿಗೆ ಇಳಿದಿದ್ದರು. ಕೈ ಮುರಿದಿರಲಿಲ್ಲ, ತಂಡ ಬದಲಾಗಿರಲಿಲ್ಲ, ಮೈದಾನವೂ ಅದೇ.

ಜಪಾನಿನ ತಂಡಗಳು ದುಡ್ಡು ಸುರಿದು ಹೊರದೇಶದ ಹೊಡೆಯುವವರನ್ನು ಕರೆಸುವುದೇ ಈ ಬೇಲಿ ದಾಟಿಸುವ ಕೆಲಸಕ್ಕೆ. ಓಡಿ ಒಂದೊಂದು ರನ್ ಕೂಡಿಸಲು ಊರಿನ ಹುಡುಗರೇ ಬೇಕಾದಷ್ಟು ಸಿಗುತ್ತಾರೆ. ಮೊದಲ ತಂಡದ ಪಟ್ಟಿಯಲ್ಲಿ ಆಗ ಒಮ್ಮೆಗೆ ಹೊರಗಿನ ನಾಲ್ವರಿಗಷ್ಟೇ ಜಾಗವಿತ್ತು. ಹಾಗಾಗಿ ಅಂಥವನ ಹೊಡೆತ ಕುಸಿದರೆ ಅದು ಅವನೊಬ್ಬನ ತಲೆನೋವಲ್ಲ, ಕರೆಸಿದವರ ತಲೆಯ ಮೇಲೂ ಕೂರುತ್ತದೆ. ಕಾರಣ ಹೇಳಲು ಜನ ತಡಮಾಡುವುದಿಲ್ಲ: ವಯಸ್ಸಾಯಿತು, ಸೊಕ್ಕು ಬಂತು, ಇಲ್ಲಿನ ಊಟ ಹಿಡಿಸಲಿಲ್ಲ, ಬೌಲರ್‌ಗಳು ಇವನ ಗುಟ್ಟು ಹಿಡಿದುಬಿಟ್ಟರು.

ಶಿಕಾರಿಪುರ, ಸೊರಬದ ಕ್ರಿಕೆಟ್ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದ್ದೆ ಕೊಯ್ಲು ಮುಗಿದು ಮೆಕ್ಕೆಜೋಳದ ಕೆಲಸ ತೀರಿತೆಂದರೆ ಮಳೆ ಹಿಡಿಯುವವರೆಗೂ ನಮ್ಮ ಕಡೆ ಟೆನ್ನಿಸ್ ಬಾಲ್ ಟೂರ್ನಿಗಳದ್ದೇ ಗದ್ದಲ. ಹೊನಲು ಬೆಳಕು, ಮೈಕಿನಲ್ಲಿ ಎಡೆಬಿಡದ ಕಾಮೆಂಟರಿ, ಟ್ರೋಫಿ ಜೋಡಿಸಿಟ್ಟ ಟೇಬಲ್ಲು, ಪಕ್ಕದಲ್ಲಿ ಮಂಡಕ್ಕಿ ಮಿರ್ಚಿ ಗಾಡಿ. ಆನವಟ್ಟಿಯ ತಂಡವಿರಲಿ, ಶಿರಾಳಕೊಪ್ಪದ್ದಿರಲಿ, ಸ್ವಲ್ಪ ಕೈಯಲ್ಲಿ ದುಡ್ಡಿರುವವರು ಶಿವಮೊಗ್ಗದಿಂದಲೋ ಬೆಂಗಳೂರಿನಿಂದಲೋ ಒಬ್ಬ ಹೊಡೆಯುವವನನ್ನು ಕರೆಸುತ್ತಾರೆ. ಅವನು ಲೆದರ್ ಬಾಲ್ ಆಡಿ ಬಂದವನಾದರೆ ಮೊದಲ ರಾತ್ರಿ ನೋಡುವಂತಿರುತ್ತದೆ. ಬ್ಯಾಟಿನ ಸದ್ದು ಜೋರು, ಚೆಂಡು ಮೇಲಕ್ಕೂ ಏರುತ್ತದೆ, ಆದರೆ ಲಾಂಗ್ ಆನ್‌ನಲ್ಲಿ ನಿಂತವನು ಒಂದು ಹೆಜ್ಜೆಯೂ ಕದಲದೆ ಹಿಡಿಯುತ್ತಾನೆ.

“ಏನ್ ಮಾರಾಯ, ಇವನನ್ನ ಅಷ್ಟು ದೂರದಿಂದ ಕರೆಸಿದ್ದು ಕ್ಯಾಚ್ ಪ್ರಾಕ್ಟೀಸ್ ಮಾಡ್ಸಕ್ಕಾ?”

“ತಡಿಯಣ್ಣ, ಬಾಲೇ ಹೋಗ್ತಿಲ್ಲ. ನಮ್ಮ ಹುಡುಗ್ರದ್ದೂ ಹೋಗ್ತಿಲ್ಲ ನೋಡು.”

ಈ ಎರಡನೆಯ ಮಾತು ಆಡುವವನು ಪ್ರತಿ ಮೈದಾನದಲ್ಲೂ ಒಬ್ಬ ಇರುತ್ತಾನೆ. ಅವನ ಮಾತಿಗೆ ಯಾರೂ ಕಿವಿಗೊಡುವುದಿಲ್ಲ. ಆದರೆ ಜಪಾನಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಹಿಡಿದ ಶೋಧ ಕೊನೆಗೆ ಬಂದು ನಿಂತದ್ದು ಅವನು ಹೇಳಿದ ಜಾಗಕ್ಕೇ.

ಟೆನ್ನಿಸ್ ಬಾಲಿನ ಲೆಕ್ಕ ಸುಲಭ. ಕ್ರಿಕೆಟ್‌ನ ಲೆದರ್ ಬಾಲು 156ರಿಂದ 163 ಗ್ರಾಂ ತೂಗುತ್ತದೆ. ಅಂಗಡಿಯಲ್ಲಿ ಸಿಗುವ ಸಾದಾ ಟೆನ್ನಿಸ್ ಬಾಲು 58 ಗ್ರಾಂ ಆಸುಪಾಸು. ಗಾತ್ರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಅಂದರೆ ಎದುರಿಗೆ ಬರುವ ಗಾಳಿ ಹೆಚ್ಚುಕಡಿಮೆ ಅಷ್ಟೇ, ಅದನ್ನು ಸೀಳಿಕೊಂಡು ಹೋಗುವ ತೂಕ ಮಾತ್ರ ಮೂರನೇ ಒಂದು. ನಮ್ಮ ಟೂರ್ನಿಗಳಲ್ಲಿ ಬಳಸುವ ಹಾರ್ಡ್ ಟೆನ್ನಿಸ್ ಬಾಲು ಇದಕ್ಕಿಂತ ಸ್ವಲ್ಪ ಭಾರ, ಆದರೂ ಲೆದರ್‌ನ ತೂಕಕ್ಕೆ ಬಾರದು. ಮೇಲಿನ ಉಣ್ಣೆಯ ಜೂಲು ಗಾಳಿಯನ್ನು ಇನ್ನಷ್ಟು ತಡೆಯುತ್ತದೆ. ರಾತ್ರಿ ಹತ್ತು ದಾಟಿದ ಮೇಲೆ ಇಬ್ಬನಿ ಬಿದ್ದು ಅದೇ ಜೂಲು ನೀರು ಹೀರಿತೆಂದರೆ ಬ್ಯಾಟಿಗೆ ತಗಲಿದ ಚೆಂಡು ಪುಟಿಯದೆ ಮೆತ್ತಗೆ ಕೂರುತ್ತದೆ. ಇಷ್ಟೆಲ್ಲ ಕಣ್ಣಿಗೆ ಕಾಣುವ, ಕೈಗೆ ಸಿಗುವ ವ್ಯತ್ಯಾಸಗಳು. ಬ್ರಜೆಲ್ ಅವರ ಕೈಗೆ 2011ರಲ್ಲಿ ಬಂದ ಚೆಂಡು ತೂಕದಲ್ಲೂ ಅಳತೆಯಲ್ಲೂ ನಿಯಮದೊಳಗೇ ಇತ್ತು. ಅದೇ ದನದ ಬಿಳಿ ತೊಗಲು, ಅದೇ ಕೆಂಪು ದಾರದ 108 ಹೊಲಿಗೆ.

ಮೊದಲ ಅನುಮಾನ ಬೀಳಬೇಕಾದದ್ದು ಮೈದಾನದ ಮೇಲೆ. ಹಾನ್ಶಿನ್ ತಂಡದ ಮನೆ ಕೋಶಿಯೆನ್ ಕ್ರೀಡಾಂಗಣ ಸಮುದ್ರಕ್ಕೆ ಹತ್ತಿರ. ಅಲ್ಲಿ ಕಡಲ ಗಾಳಿ ಬಲಗಡೆಯ ಬೇಲಿಯಿಂದ ಎಡಕ್ಕೆ ಬೀಸುತ್ತದೆ. ಎಡಗೈ ಬ್ಯಾಟರ್ ಎಳೆದು ಹೊಡೆದ ಚೆಂಡು ಹೋಗುವುದು ಬಲಗಡೆಗೆ, ಅಂದರೆ ನೇರ ಗಾಳಿಯ ಎದೆಗೆ. ಬ್ರಜೆಲ್ ಎಡಗೈಯವರು. ಇದೇ ತಂಡದಲ್ಲಿ 1985ರಲ್ಲಿ 54 ಹೋಮ್ ರನ್ ಬಾರಿಸಿದ್ದ ಅಮೆರಿಕದ ರ್‍ಯಾಂಡಿ ಬಾಸ್ ಕೂಡ ಎಡಗೈಯವರೇ. ಆದರೆ ಬಾಸ್ ಕಾಲದಲ್ಲಿ ಕೋಶಿಯೆನ್‌ನ ಬೇಲಿಯ ಒಳಗೆ ಇನ್ನೊಂದು ಗಿಡ್ಡ ಬೇಲಿ ಇತ್ತು. ಹೋಮ್ ರನ್ ಹೆಚ್ಚಲಿ ಎಂದು 1947ರಲ್ಲಿ ಹಾಕಿದ್ದು. ಅದಕ್ಕೆ ಲಕ್ಕಿ ಜೋನ್ ಎನ್ನುತ್ತಿದ್ದರು. 1991ರ ಆಟಗಳು ಮುಗಿದ ಮೇಲೆ ಅದನ್ನು ಕಿತ್ತುಹಾಕಿದರು. ಆಮೇಲೆ ಬಂದ ಎಡಗೈಯವರಿಗೆ ಗಾಳಿಯೂ ದೂರವೂ ಎರಡೂ ಎದುರು.

ವಿವರಣೆ ಚೆನ್ನಾಗಿದೆ, ಆದರೆ ಬ್ರಜೆಲ್ ವಿಷಯಕ್ಕೆ ಕೂಡುವುದಿಲ್ಲ. 2010ರಲ್ಲೂ ಅದೇ ಗಾಳಿ ಬೀಸುತ್ತಿತ್ತು, ಬೇಲಿಯೂ ಅಲ್ಲೇ ಇತ್ತು. ಆ ವರ್ಷ 47 ಹೋಗಿದ್ದವು.

ಎರಡನೆಯ ಅನುಮಾನ ಬೌಲರ್‌ಗಳ ಮೇಲೆ. ಬೇಸ್‌ಬಾಲ್‌ನಲ್ಲಿ ಅವರನ್ನು ಪಿಚರ್ ಎನ್ನುತ್ತಾರೆ. ಜಪಾನಿನ ಪಿಚರ್‌ಗಳ ಫೋರ್ಕ್‌ಬಾಲ್ ಹೊರಗಿನವರಿಗೆ ಹಳೆಯ ಪಿಡುಗು. ಬೆರಳುಗಳ ನಡುವೆ ಸಿಕ್ಕಿಸಿ ಎಸೆದ ಚೆಂಡು ವೇಗದ ಎಸೆತದಂತೆಯೇ ಹೊರಟು, ಬ್ಯಾಟ್ ಹತ್ತಿರ ಬಂದಾಗ ಕೆಳಕ್ಕೆ ಇಳಿದುಬಿಡುತ್ತದೆ. ಅಲ್ಲಿನ ತಂಡಗಳು ಒಬ್ಬ ಹೊಸ ಬ್ಯಾಟರ್ ಯಾವ ಎಸೆತಕ್ಕೆ ಎಡವುತ್ತಾನೆಂದು ಬರೆದಿಟ್ಟುಕೊಳ್ಳುವುದರಲ್ಲೂ ಗಟ್ಟಿಗರು. ಇದಕ್ಕೂ ಮೀರಿ, ಹೊಡೆಯಲು ಚೆಂಡನ್ನೇ ಕೊಡದಿರುವ ಉಪಾಯವೊಂದಿದೆ. ಸದಹರು ಓ ಅವರು 1964ರಲ್ಲಿ ಮಾಡಿದ 55 ಹೋಮ್ ರನ್‌ಗಳ ದಾಖಲೆಯ ಹತ್ತಿರಕ್ಕೆ 1985ರಲ್ಲಿ ಬಾಸ್, 2001ರಲ್ಲಿ ಟಫಿ ರೋಡ್ಸ್, 2002ರಲ್ಲಿ ಅಲೆಕ್ಸ್ ಕಬ್ರೇರಾ ಬಂದರು. ಹೊರಗಿನವರಾದ ಈ ಮೂವರಿಗೂ ಕೊನೆಯ ದಿನಗಳಲ್ಲಿ ಕೈಗೆಟುಕದ ಎಸೆತಗಳನ್ನೇ ಹಾಕಿ ಪುಕ್ಕಟೆ ಮೊದಲ ಬೇಸ್‌ಗೆ ನಡೆದು ಹೋಗಲು ಬಿಟ್ಟ ತಂಡಗಳ ಮ್ಯಾನೇಜರ್ ಸ್ವತಃ ಓ ಅವರಾಗಿದ್ದರು. ರೋಡ್ಸ್ ಮತ್ತು ಕಬ್ರೇರಾ 55ಕ್ಕೆ ಸಮ ಮಾಡಿ ನಿಂತರು. ಕಾಕತಾಳೀಯ ಎನ್ನುವವರಿಗೆ ಅನ್ನಲು ನನ್ನ ಅಡ್ಡಿಯಿಲ್ಲ.

ಇದೆಲ್ಲ ನಿಜವಾದರೂ ಬ್ರಜೆಲ್ ಲೆಕ್ಕಕ್ಕೆ ಸಾಲದು. ಅವರು ಜಪಾನಿಗೆ ಬಂದದ್ದು 2008ರಲ್ಲಿ, ಸೆಯ್ಬು ಲಯನ್ಸ್ ತಂಡಕ್ಕೆ. ಫೋರ್ಕ್‌ಬಾಲ್ ನೋಡಿ ಪಳಗಿದ್ದರು. ಪಿಚರ್‌ಗಳು ಗುಟ್ಟು ಹಿಡಿದಿದ್ದರೆ ಬ್ಯಾಟಿಗೆ ಚೆಂಡು ಸಿಗುವುದೇ ಕಡಿಮೆಯಾಗಬೇಕಿತ್ತು, ಸರಾಸರಿ ಬಿದ್ದುಹೋಗಬೇಕಿತ್ತು. ಬಿದ್ದದ್ದು ಎಷ್ಟು? 2010ರ .296ರಿಂದ 2011ರ .282ಕ್ಕೆ. ನೂರು ಸಲ ಬ್ಯಾಟ್ ಹಿಡಿದರೆ ಮೊದಲು ಸುಮಾರು ಮೂವತ್ತು ಸಲ ಹೊಡೆತ ಫಲಿಸುತ್ತಿತ್ತು, ಈಗ ಇಪ್ಪತ್ತೆಂಟು ಸಲ. ಕಣ್ಣು ಸರಿಯಾಗಿತ್ತು, ಕೈಯೂ ಸರಿಯಾಗಿತ್ತು. ಚೆಂಡು ಬ್ಯಾಟಿಗೆ ತಗಲುತ್ತಿತ್ತು, ಬೇಲಿ ದಾಟುತ್ತಿರಲಿಲ್ಲ, ಅಷ್ಟೇ.

ಇಲ್ಲಿಂದ ಮುಂದೆ ಒಬ್ಬನನ್ನು ಬಿಟ್ಟು ಅಕ್ಕಪಕ್ಕ ನೋಡಬೇಕು. ಯೋಮಿಯುರಿ ಜೈಂಟ್ಸ್‌ನ ಅಲೆಕ್ಸ್ ರಾಮಿರೆಜ್, ವೆನೆಜುವೆಲಾದವರು, 49ರಿಂದ 23ಕ್ಕೆ ಇಳಿದಿದ್ದರು. ಹೊರಗಿನವರ ಪಾಡು ಬಿಡಿ, ಅದೇ ತಂಡದ ಜಪಾನೀ ಆಟಗಾರ ಶಿನ್ನೊಸುಕೆ ಆಬೆ 44ರಿಂದ 20ಕ್ಕೆ, ಚುನಿಚಿ ತಂಡದ ಕಾಜುಹಿರೊ ವಾಡಾ 37ರಿಂದ 12ಕ್ಕೆ, ಓರಿಕ್ಸ್‌ನ ಟಿ-ಒಕಾಡಾ 33ರಿಂದ 16ಕ್ಕೆ. ಇವರೆಲ್ಲ ಒಟ್ಟಿಗೆ ಮುದುಕರಾದರೇ? ಎಲ್ಲರಿಗೂ ಒಂದೇ ವರ್ಷ ಸೊಕ್ಕು ಬಂತೇ? ಹನ್ನೆರಡು ತಂಡಗಳ ಒಟ್ಟು ಹೋಮ್ ರನ್ 2010ರಲ್ಲಿ 1,605 ಇದ್ದದ್ದು 2011ರಲ್ಲಿ 939 ಆಯಿತು. ಅದರ ಮರುವರ್ಷ 881. ಇಡೀ ದೇಶವೇ ಹೊಡೆಯುವುದನ್ನು ಮರೆತಂತಿತ್ತು.

ಆ ವರ್ಷ ಜಪಾನಿಗೆ ಬೇರೆ ದೊಡ್ಡ ಕೇಡೂ ಬಂದಿತ್ತು. ಮಾರ್ಚ್ 11ರ ಭೂಕಂಪ, ಸುನಾಮಿ, ಫುಕುಶಿಮಾ ಅಣುಸ್ಥಾವರದ ದುರಂತ. ಪಂದ್ಯಗಳು ಏಪ್ರಿಲ್ 12ಕ್ಕೆ ಶುರುವಾದವು. ವಿದ್ಯುತ್ ಉಳಿಸಲೆಂದು ಮೂರೂವರೆ ಗಂಟೆ ಕಳೆದ ಮೇಲೆ ಹೊಸ ಇನ್ನಿಂಗ್ಸ್ ಶುರುಮಾಡಬಾರದೆಂಬ ನಿಯಮ ಬಂತು. ಹೆಚ್ಚುವರಿ ಇನ್ನಿಂಗ್ಸ್‌ಗಳು ಕಡಿಮೆಯಾದರೆ ಒಂದಷ್ಟು ಹೋಮ್ ರನ್ ಕಡಿಮೆಯಾದಾವು. ಆದರೆ ಕಾಣೆಯಾದವು ಆರುನೂರಕ್ಕೂ ಹೆಚ್ಚು. ಗಡಿಯಾರದ ಮೇಲೆ ಅಷ್ಟನ್ನೂ ಹೊರಿಸಲಾಗದು.

ಉಳಿದದ್ದು ಚೆಂಡು. ಮತ್ತು ಚೆಂಡು ಬದಲಾಗಿದೆ ಎಂಬುದು ಮುಚ್ಚಿಟ್ಟ ಸಂಗತಿಯೇನೂ ಆಗಿರಲಿಲ್ಲ. 2010ರವರೆಗೆ ಪ್ರತಿ ತಂಡವೂ ತನ್ನ ಮನೆಯ ಪಂದ್ಯಕ್ಕೆ ಬೇರೆಬೇರೆ ಕಂಪನಿಯ ಚೆಂಡನ್ನು ಆರಿಸಿಕೊಳ್ಳಬಹುದಿತ್ತು. ಯಾವ ಮೈದಾನದ ಚೆಂಡು ಹೆಚ್ಚು ಹಾರುತ್ತದೆಂದು ಆಟಗಾರರೇ ಮಾತಾಡಿಕೊಳ್ಳುತ್ತಿದ್ದರು. ಅಂತರರಾಷ್ಟ್ರೀಯ ಪಂದ್ಯಗಳಿಗೆ ಹೋದಾಗ ಕೈಗೆ ಸಿಗುವ ಚೆಂಡು ಮತ್ತೊಂದು ಬಗೆ. ಇದನ್ನೆಲ್ಲ ಸರಿಪಡಿಸಲು ನಿಪ್ಪಾನ್ ವೃತ್ತಿಪರ ಬೇಸ್‌ಬಾಲ್ ಸಂಸ್ಥೆ 2011ರಿಂದ ಎಲ್ಲರಿಗೂ ಒಂದೇ ಚೆಂಡು ಎಂದಿತು. ತಯಾರಿಸುವುದು ಮಿಜುನೊ ಕಂಪನಿ. ಚೆಂಡಿನ ಮೇಲೆ ಆಯುಕ್ತ ರ್‍ಯೊಜೊ ಕಾಟೊ ಅವರ ಸಹಿಯ ಮುದ್ರೆ. ಕಾಟೊ ಅಮೆರಿಕದಲ್ಲಿ ಜಪಾನಿನ ರಾಯಭಾರಿಯಾಗಿದ್ದವರು.

ಬೇಸ್‌ಬಾಲ್ ಚೆಂಡನ್ನು ಸೀಳಿದರೆ ನಡುವೆ ಬಿರಟೆಯ ಸಣ್ಣ ಗುಂಡು, ಅದರ ಮೇಲೆ ರಬ್ಬರಿನ ಹೊದಿಕೆ. ಅದರ ಸುತ್ತ ಉಣ್ಣೆಯ ನೂಲು, ಎಷ್ಟು ಬಿಗಿಯೆಂದರೆ ಬಿಚ್ಚುತ್ತ ಹೋದರೆ ಕೋಣೆಯ ನೆಲವೆಲ್ಲ ನೂಲಾಗುತ್ತದೆ. ಆಮೇಲೆ ತೆಳು ಹತ್ತಿ ದಾರ, ಕೊನೆಗೆ ಎಂಟರ ಆಕಾರದಲ್ಲಿ ಕತ್ತರಿಸಿದ ಎರಡು ತೊಗಲ ತುಂಡುಗಳನ್ನು ಸೇರಿಸಿ ಕೈಯಲ್ಲಿ ಹಾಕಿದ ಹೊಲಿಗೆ. ಹೊಸ ಚೆಂಡಿನಲ್ಲಿ ಬದಲಾದದ್ದು ಮುಖ್ಯವಾಗಿ ನಡುವಿನ ರಬ್ಬರು. ಪುಟಿತ ಕಡಿಮೆಯಿರುವ ಜಾತಿಯದನ್ನು ಹಾಕಿದರು. ಹೊಲಿಗೆಯನ್ನೂ ತುಸು ಅಗಲ ಮಾಡಿ, ತುಸು ತಗ್ಗಿಸಿದರು.

ಪುಟಿತ ಅಳೆಯುವ ಬಗೆ ಸರಳ. ಚೆಂಡನ್ನು ಯಂತ್ರದಿಂದ ಗಟ್ಟಿ ಲೋಹದ ಹಲಗೆಗೆ ಹೊಡೆಯುತ್ತಾರೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋದದ್ದು 41 ಕಿಲೋಮೀಟರ್ ವೇಗದಲ್ಲಿ ಮರಳಿದರೆ ಅದರ ಪುಟಿತದ ಅಂಕ 0.41. ಜಪಾನಿನ ಆಗಿನ ನಿಯಮದ ಪ್ರಕಾರ ಈ ಅಂಕ 0.4134ರಿಂದ 0.4374ರ ನಡುವೆ ಇರಬೇಕಿತ್ತು. ಹೊಸ ಚೆಂಡನ್ನು ಕೆಳಗಿನ ಅಂಚಿಗೆ ಕೂರಿಸುವುದೆಂದು ತೀರ್ಮಾನವಾಯಿತು. ಇದರಿಂದ ದೂರ ಎಷ್ಟು ಕಡಿಮೆಯಾದೀತು? 110 ಮೀಟರ್ ಹೋಗುವ ಹೊಡೆತದಲ್ಲಿ ಸುಮಾರು ಒಂದು ಮೀಟರ್ ಎಂದು ಕಂಪನಿ ಮೊದಲೇ ಹೇಳಿತ್ತು.

ಒಂದು ಮೀಟರ್! ಕ್ರಿಕೆಟ್ ಬ್ಯಾಟಿನ ಉದ್ದಕ್ಕಿಂತ ತುಸು ಹೆಚ್ಚಷ್ಟೇ. ಇದರಿಂದ ನೂರಕ್ಕೆ ನಲವತ್ತು ಹೋಮ್ ರನ್ ಮಾಯವಾಗುವುದೆಂದರೆ ಏನು? ಇಡೀ ಕತೆಯಲ್ಲಿ ನನಗೆ ಹೆಚ್ಚು ಹಿಡಿಸುವ ಗಂಟು ಇದು. ಇದರ ಅರ್ಧ ಉತ್ತರ ಬೇಲಿಯ ಹತ್ತಿರವಿದೆ. ಹೋಮ್ ರನ್ ಎಂದರೆ ನಮ್ಮ ಕಣ್ಣಿಗೆ ಬರುವುದು ಮೇಲಿನ ಗ್ಯಾಲರಿಗೆ ಬಿದ್ದ ಚೆಂಡು. ನಿಜದಲ್ಲಿ ಬೇಲಿ ದಾಟುವ ಚೆಂಡುಗಳಲ್ಲಿ ಬಹಳಷ್ಟು ಅಂಚು ಸವರಿ ಹೋದವು. ಬ್ಯಾಟರ್ ಎತ್ತಿ ಹೊಡೆದ ಚೆಂಡುಗಳನ್ನೆಲ್ಲ ದೂರದ ಪ್ರಕಾರ ಸಾಲಾಗಿ ಜೋಡಿಸಿ ನೋಡಿ. ಎಂಬತ್ತು, ತೊಂಬತ್ತು ಮೀಟರಿನ ಹತ್ತಿರ ದೊಡ್ಡ ಗುಂಪು, ಮುಂದಕ್ಕೆ ಹೋದಂತೆ ತೆಳುವಾಗುತ್ತ ಹೋಗುತ್ತದೆ. ಬೇಲಿ ನಿಂತಿರುವುದು ಈ ಗುಂಪು ತೆಳುವಾಗುವ ಇಳಿಜಾರಿನಲ್ಲಿ. ಇಡೀ ಸಾಲನ್ನು ಸ್ವಲ್ಪವೇ ಹಿಂದಕ್ಕೆ ಎಳೆದರೂ ಅಂಚಿನಲ್ಲಿದ್ದವೆಲ್ಲ ಒಳಗೆ ಬೀಳುತ್ತವೆ. ಹೋದ ವರ್ಷ ಗೋಡೆ ಸವರಿ ಆಚೆ ಬಿದ್ದದ್ದು ಈ ವರ್ಷ ಗೋಡೆಗೆ ಬೆನ್ನು ಕೊಟ್ಟು ನಿಂತವನ ಕೈಗೆ.

ಈ ಮಾತಿಗೆ ಒಳ್ಳೆಯ ಸಾಕ್ಷಿ ಸೆಯ್ಬು ಲಯನ್ಸ್‌ನ ತಕೆಯಾ ನಕಾಮುರಾ. ಎಲ್ಲರೂ ಕುಸಿದ ಅದೇ 2011ರಲ್ಲಿ, ಅದೇ ಸತ್ತ ಚೆಂಡಿನಲ್ಲಿ ಅವರು 48 ಹೋಮ್ ರನ್ ಬಾರಿಸಿದರು. ಚಿಬಾ ಲೊಟ್ಟೆ ತಂಡದವರೆಲ್ಲ ಸೇರಿ ಆ ವರ್ಷ ಬಾರಿಸಿದ್ದು 46. ಒಬ್ಬನೇ ಒಂದು ತಂಡಕ್ಕಿಂತ ಎರಡು ಹೆಚ್ಚು. ಇದನ್ನು ಹಿಡಿದುಕೊಂಡು “ನೋಡಿ, ಚೆಂಡಿನ ದೋಷವಲ್ಲ, ತಾಕತ್ತಿದ್ದವನು ಹೊಡೆಯುತ್ತಾನೆ” ಎನ್ನುವವರಿಗೆ ಅವಕಾಶ ಸಿಕ್ಕಿತು. ವಾದ ಉಲ್ಟಾ ಆಗಬೇಕಿತ್ತು. ಬೇಲಿಯ ಆಚೆ ಹತ್ತು, ಹದಿನೈದು ಮೀಟರ್ ದೂರ ಕಳಿಸುವವನಿಗೆ ಒಂದೆರಡು ಮೀಟರ್ ಕಡಿತ ಲೆಕ್ಕಕ್ಕಿಲ್ಲ. ಪೆಟ್ಟು ಬೀಳುವುದು ಅಂಚಿನಲ್ಲಿ ಬದುಕುವವರಿಗೆ. ನಕಾಮುರಾ ಉಳಿದದ್ದು ಚೆಂಡು ಸರಿಯಿತ್ತೆಂಬುದಕ್ಕೆ ಪುರಾವೆಯಲ್ಲ.

ಇನ್ನರ್ಧ ಉತ್ತರ ಹೊರಬೀಳಲು 2013ರ ಬೇಸಿಗೆ ಬರಬೇಕಾಯಿತು. ಆ ವರ್ಷದ ಆಟ ಶುರುವಾಗಿ ಕೆಲವೇ ವಾರಗಳಲ್ಲಿ ಆಟಗಾರರಿಗೂ ನೋಡುವವರಿಗೂ ಏನೋ ವ್ಯತ್ಯಾಸ ಕಂಡಿತು. ಚೆಂಡು ಮತ್ತೆ ಹಾರುತ್ತಿತ್ತು. ಪಿಚರ್‌ಗಳು ಮುಖ ಗಂಟಿಕ್ಕಿದರು, ಬ್ಯಾಟರ್‌ಗಳು ಸುಮ್ಮನೆ ನಕ್ಕರು. ಕೇಳಿದವರಿಗೆಲ್ಲ ಸಂಸ್ಥೆ ಕೊಟ್ಟ ಉತ್ತರ ಒಂದೇ: ಚೆಂಡು ಬದಲಾಗಿಲ್ಲ. ಯಾರಾದರೂ ಕೇಳಿದರೆ ಹಾಗೆಯೇ ಹೇಳಬೇಕೆಂದು ಮಿಜುನೊ ಕಂಪನಿಗೂ ಸೂಚನೆ ಹೋಗಿತ್ತು.

ನಮ್ಮ ಬೆಂಗಳೂರಿನಲ್ಲೂ ಅದೇ ಬೇಸಿಗೆಯಲ್ಲಿ ಹೊರಗಿನವನೊಬ್ಬ ಚೆಂಡನ್ನು ಹಾರಿಸುತ್ತಿದ್ದ. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕ್ರಿಸ್ ಗೇಲ್ ಪುಣೆ ವಾರಿಯರ್ಸ್ ವಿರುದ್ಧ 66 ಎಸೆತಗಳಲ್ಲಿ ಔಟಾಗದೆ 175 ಹೊಡೆದರು, ಅದರಲ್ಲಿ 17 ಸಿಕ್ಸರ್. ಗೇಲ್ ತೋಳಿನ ಬಲವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಅಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಶೇಕಡ 8ರಷ್ಟು ತೆಳು, ಬೌಂಡರಿ ಗೆರೆಯೂ ಹತ್ತಿರ. ಹೊರಗಿನಿಂದ ಬಂದವನಿಗೆ ಒಂದು ಊರು ಕೈಹಿಡಿಯುತ್ತದೆ, ಇನ್ನೊಂದು ಊರು ಕೈಕೊಡುತ್ತದೆ. ನಾವು ಮಾತ್ರ ಎರಡು ಕಡೆಯೂ ತೋಳನ್ನಷ್ಟೇ ನೋಡುತ್ತೇವೆ.

ಜಪಾನಿನಲ್ಲಿ ಗುಟ್ಟು ರಟ್ಟಾದದ್ದು ಪ್ರಯೋಗಶಾಲೆಯಲ್ಲಲ್ಲ, ಮಾತುಕತೆಯ ಮೇಜಿನಲ್ಲಿ. ಜೂನ್ 11ರಂದು ಸೆಂಡಾಯ್ ನಗರದಲ್ಲಿ ಆಟಗಾರರ ಸಂಘದೊಂದಿಗೆ ಸಂಸ್ಥೆಯ ಸಭೆಯಿತ್ತು. ಸಂಘದ ಅಧ್ಯಕ್ಷರಾಗಿದ್ದವರು ರಾಕುಟೆನ್ ತಂಡದ ಕ್ಯಾಚರ್ ಮೊಟೊಹಿರೊ ಶಿಮಾ. ಕ್ಯಾಚರ್ ಎಂದರೆ ನಮ್ಮ ವಿಕೆಟ್ ಕೀಪರ್ ಜಾಗದಲ್ಲಿ ಕೂತು ಪ್ರತಿ ಎಸೆತವನ್ನೂ ಕೈಯಲ್ಲಿ ಹಿಡಿಯುವವನು. ಚೆಂಡು ಹೇಗಿದೆಯೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅಲ್ಲಿ ಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಕುನಿಯೊ ಶಿಮೊಡಾ ಒಪ್ಪಿಕೊಂಡರು: ಹೌದು, ಈ ವರ್ಷದ ಚೆಂಡಿನ ಪುಟಿತ ಹೆಚ್ಚಿಸಿದ್ದೇವೆ.

ಹೆಚ್ಚಿಸಿದ್ದೇಕೆ ಎಂದು ಕೆದಕಿದಾಗ ಆ ಇನ್ನರ್ಧ ಉತ್ತರ ಸಿಕ್ಕಿತು. 2011, 2012ರ ಚೆಂಡುಗಳನ್ನು ಪರೀಕ್ಷಿಸಿದಾಗ ಅವುಗಳ ಸರಾಸರಿ ನಿಯಮದ ಕೆಳಗಿನ ಅಂಚಾದ 0.4134ನ್ನೂ ಮುಟ್ಟುತ್ತಿರಲಿಲ್ಲ. ಅಂಚಿಗೇ ಗುರಿಯಿಟ್ಟ ಮೇಲೆ ಒಂದಷ್ಟು ಚೆಂಡು ಕೆಳಗೆ ಜಾರುವುದು ಸಹಜವೇ. ಇಲ್ಲಿ ಜಾರಿದ್ದು ಒಂದೆರಡಲ್ಲ, ಸರಾಸರಿಯೇ. ಪುಟಿತದ ಅಂಕ 0.001 ಬದಲಾದರೆ ಚೆಂಡು ಬೀಳುವ ಜಾಗ ಸುಮಾರು 20 ಸೆಂಟಿಮೀಟರ್ ಬದಲಾಗುತ್ತದೆಂಬುದು ಅವರ ಲೆಕ್ಕ. ಆ ಮೂರನೇ, ನಾಲ್ಕನೇ ದಶಮಾಂಶದ ಅಂಕಿಗಳಲ್ಲಿ ಬ್ರಜೆಲ್, ಆಬೆ, ವಾಡಾ ಎಲ್ಲರ ಹೊಡೆತಗಳೂ ಹೂತುಹೋಗಿದ್ದವು. ಎರಡು ವರ್ಷ ನಿಯಮಕ್ಕೆ ಹೊರಗಿನ ಚೆಂಡಿನಲ್ಲಿ ಆಡಿಸಿದ್ದೇವೆಂದು ಹೇಳಲು ನಾಲಿಗೆ ಬರಲಿಲ್ಲ. ಹಾಗಾಗಿ ಸದ್ದಿಲ್ಲದೆ ಸರಿಪಡಿಸಲು ಹೊರಟರು.

ತನಗೆ ಏನೂ ತಿಳಿದಿರಲಿಲ್ಲ, ಇದೊಂದು ಹಗರಣವೆಂದು ಭಾವಿಸುವುದಿಲ್ಲ ಎಂದು ಕಾಟೊ ಹೇಳಿದರು. ತನ್ನ ಸಹಿ ಇರುವ ಚೆಂಡಿನ ಬಗ್ಗೆ ತನಗೇ ತಿಳಿಯದು ಎಂಬ ಮಾತನ್ನು ಜಪಾನಿನ ಪತ್ರಿಕೆಗಳು ಬಿಟ್ಟಾವೆ? ಸೆಪ್ಟೆಂಬರ್ 19ರಂದು ಅವರು ರಾಜೀನಾಮೆ ಘೋಷಿಸಿದರು. ಅದಕ್ಕೆ ನಾಲ್ಕು ದಿನ ಮುಂಚೆ, ಸೆಪ್ಟೆಂಬರ್ 15ರಂದು ಟೋಕಿಯೊದ ಜಿಂಗು ಮೈದಾನದಲ್ಲಿ ಯಾಕುಲ್ಟ್ ತಂಡದ ವ್ಲಾಡಿಮಿರ್ ಬ್ಯಾಲೆಂಟೀನ್ ಹಾನ್ಶಿನ್ ವಿರುದ್ಧ 56ನೆಯ, 57ನೆಯ ಹೋಮ್ ರನ್ ಬಾರಿಸಿ ಓ ಅವರ ಸುಮಾರು ಅರ್ಧ ಶತಮಾನದ ದಾಖಲೆ ಮುರಿದಿದ್ದರು. ಕೆರಿಬಿಯನ್ ಕಡಲಿನ ಕುರಸಾವ್ ದ್ವೀಪದವರು. ಆ ವರ್ಷ ಅವರು 60ಕ್ಕೆ ನಿಂತರು. ಚೆಂಡಿನ ದಯೆಯಿಂದ ಬಂದ ದಾಖಲೆ ಎಂದು ಗೊಣಗುವವರು ಇವತ್ತಿಗೂ ಇದ್ದಾರೆ. ಸತ್ತ ಚೆಂಡಿನ ಎರಡು ವರ್ಷಗಳಲ್ಲೂ ತಲಾ 31 ಬಾರಿಸಿ ತಮ್ಮ ಲೀಗಿನ ಮೊದಲ ಸ್ಥಾನದಲ್ಲಿದ್ದವರು ಇದೇ ಬ್ಯಾಲೆಂಟೀನ್ ಎಂಬುದನ್ನು ಗೊಣಗುವವರು ನೆನಪಿಡುವುದಿಲ್ಲ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. 2014ರಲ್ಲಿ ಎಲ್ಲವನ್ನೂ ಬಹಿರಂಗವಾಗಿ ಪರೀಕ್ಷಿಸಿ ಫಲಿತಾಂಶ ಪ್ರಕಟಿಸುವುದೆಂದಾಯಿತು. ಮೊದಲ ಪರೀಕ್ಷೆಯಲ್ಲೇ ಚೆಂಡುಗಳು ಈ ಸಲ ಆ ವರ್ಷದ ನಿಯಮದ ಮೇಲಿನ ಅಂಚನ್ನು ದಾಟಿದ್ದವು. ಯಾರೂ ಗುಟ್ಟಾಗಿ ಏನೂ ಮಾಡಿರಲಿಲ್ಲ. ಮಿಜುನೊ ತನಿಖೆ ಮಾಡಿ ಕೊಟ್ಟ ಕಾರಣ ಮಲೆನಾಡಿನವರಿಗೆ ಥಟ್ಟನೆ ಅರ್ಥವಾಗುವಂಥದ್ದು: ಒಳಗೆ ಸುತ್ತಿದ ಉಣ್ಣೆಯ ನೂಲು ಎಂದಿಗಿಂತ ಹೆಚ್ಚು ಒಣಗಿತ್ತು. ತೇವ ಕಡಿಮೆಯಾದ ನೂಲು ಹೆಚ್ಚು ಬಿಗಿಯಾಗಿ ಸುತ್ತಿಕೊಂಡಿತು, ಚೆಂಡು ಗಟ್ಟಿಯಾಯಿತು, ಪುಟಿತ ಏರಿತು. ಕಟ್ಟೆಯ ಮೇಲೆ ಒಣಹಾಕಿದ ಅಡಿಕೆ ಎರಡು ಬಿಸಿಲು ಹೆಚ್ಚು ಕಂಡರೆ ತೂಕದಲ್ಲಿ ಎಷ್ಟು ವ್ಯತ್ಯಾಸವೆಂದು ಸೊರಬದ ಬೆಳೆಗಾರನಿಗೆ ಕೇಳಿ, ಮಂಡಿಗೆ ಹೋಗುವ ಮೊದಲೇ ಹೇಳುತ್ತಾನೆ. ನೂಲಿನದೂ ಅದೇ ಪಾಡು.

ತೇವದ ವಿಷಯ ಅಮೆರಿಕದವರು ಮೊದಲೇ ಕಂಡುಕೊಂಡಿದ್ದರು. ಡೆನ್ವರ್ ನಗರ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರ. ತೆಳು ಗಾಳಿ, ಒಣ ಹವೆ. ಅಲ್ಲಿನ ಕೂರ್ಸ್ ಫೀಲ್ಡ್‌ನಲ್ಲಿ ಹೋಮ್ ರನ್‌ಗಳಿಗೆ ತಡೆಯೇ ಇರಲಿಲ್ಲ. ಎಲ್ಲರೂ ಎತ್ತರವನ್ನೇ ದೂರುತ್ತಿದ್ದರು. ಕ್ರೀಡಾಂಗಣದಲ್ಲಿ ವಿದ್ಯುತ್ ಕೆಲಸ ನೋಡಿಕೊಳ್ಳುತ್ತಿದ್ದ ಒಬ್ಬರು, ನೆನೆದು ಒಣಗಿದ ತಮ್ಮ ಬೇಟೆಯ ತೊಗಲು ಬೂಟು ಕುಗ್ಗಿ ಬಿಗಿಯಾದದ್ದನ್ನು ನೋಡಿ, ಚೆಂಡಿನದೂ ತೊಗಲೇ ಅಲ್ಲವೇ ಎಂದು ಯೋಚಿಸಿದರಂತೆ. 2002ರಿಂದ ಅಲ್ಲಿ ಚೆಂಡುಗಳನ್ನು ತೇವವಿರುವ ಕೋಣೆಯಲ್ಲಿಟ್ಟು ಪಂದ್ಯಕ್ಕೆ ತೆಗೆಯುತ್ತಾರೆ. ಹೋಮ್ ರನ್ ಇಳಿದವು. ಅದೇ ಅಮೆರಿಕದಲ್ಲಿ 2014ರಲ್ಲಿ 4,186 ಇದ್ದ ಹೋಮ್ ರನ್ 2017ಕ್ಕೆ 6,105 ಆದಾಗ ಮೆರೆಡಿತ್ ವಿಲ್ಸ್ ಎಂಬ ಖಗೋಳವಿಜ್ಞಾನಿ ಚೆಂಡುಗಳ ಹೊಲಿಗೆಯನ್ನು ಕೈಯಾರೆ ಬಿಚ್ಚಿ ಅಳೆಯಲು ಕೂತರು. ದಾರ ಹಿಂದಿಗಿಂತ ಶೇಕಡ 9ರಷ್ಟು ದಪ್ಪವಾಗಿದೆ ಎಂದು ತೋರಿಸಿದರು. ನಕ್ಷತ್ರ ನೋಡಿ ಪಳಗಿದ ಕಣ್ಣಿಗೆ ದಾರದ ದಪ್ಪ ಕಂಡಿತು. ಜಪಾನಿನ ಸಂಸ್ಥೆಗೆ ತಾನೇ ಬದಲಿಸಿದ್ದು ಬಾಯಿಗೆ ಬರಲಿಲ್ಲ.

ಸೆಂಡಾಯ್‌ನಲ್ಲಿ ಆಟಗಾರರ ಸಂಘದವರನ್ನು ಕೆರಳಿಸಿದ್ದು ಮಾತ್ರ ಭೌತಶಾಸ್ತ್ರವಲ್ಲ, ಒಪ್ಪಂದದ ಕಾಗದ. ಇಷ್ಟು ಹೋಮ್ ರನ್‌ಗೆ ಇಷ್ಟು ಹಣ, ಇಷ್ಟು ಕಡಿಮೆ ರನ್ ಬಿಟ್ಟುಕೊಟ್ಟರೆ ಪಿಚರ್‌ಗೆ ಇಷ್ಟು ಹಣ ಎಂದು ಮೊದಲೇ ಬರೆದುಕೊಂಡಿರುತ್ತಾರೆ. ಎರಡು ವರ್ಷ ಬ್ಯಾಟರ್‌ಗಳ ಸಂಬಳ ಕತ್ತರಿಸಿದ್ದೂ, 2013ರಲ್ಲಿ ಪಿಚರ್‌ಗಳು ಪೆಟ್ಟು ತಿಂದದ್ದೂ ಆ ಕಾಗದದ ಲೆಕ್ಕದಲ್ಲೇ. ರಾಮಿರೆಜ್ ಅವರನ್ನು ಜೈಂಟ್ಸ್ 2011ರ ಕೊನೆಗೆ ಬಿಟ್ಟಿತು. ಬ್ರಜೆಲ್ ಅವರನ್ನು ಹಾನ್ಶಿನ್ 2012ರ ಕೊನೆಗೆ, ಆ ವರ್ಷದ 12 ಹೋಮ್ ರನ್ ನೋಡಿ ಬಿಟ್ಟಿತು. ಹೊಸ ಚೆಂಡು ಮೈದಾನಕ್ಕೆ ಬಂದದ್ದು ಅದರ ಮುಂದಿನ ಮಾರ್ಚ್‌ನಲ್ಲಿ. 2013ರ ನಡುವಿನಲ್ಲಿ ಬ್ರಜೆಲ್ ಮತ್ತೆ ಜಪಾನಿಗೆ ಮರಳಿದರು. ಈ ಸಲ ಕರೆಸಿಕೊಂಡದ್ದು, 2011ರಲ್ಲಿ ಇಡೀ ತಂಡ ಸೇರಿ 46 ಬಾರಿಸಿದ್ದ ಅದೇ ಚಿಬಾ ಲೊಟ್ಟೆ.